ಮಗ್ಗದ ಸಾಲ, ಸೈಟಿನ ಸಾಲ

(ಕಾಲೇಜೊಂದರ ವಾಣಿಜ್ಯ ವಿಭಾಗದವರು ವಿದ್ಯಾರ್ಥಿಗಳಿಗೂ ಊರಿನವರಿಗೂ ಸೇರಿಸಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಹಾಗೆಯೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮುಂಚೆ ಬಾಗಿಲ ಹತ್ತಿರ ನಿಂತಿದ್ದ ಇಬ್ಬರು ಬಿ.ಕಾಂ. ಹುಡುಗರನ್ನು ಕೇಳಿದೆ: ಬ್ಯಾಂಕು ಸಾಲ ಕೊಡುತ್ತದಲ್ಲ, ಆ ಹಣ ಎಲ್ಲಿಂದ ಬರುತ್ತದಪ್ಪಾ? ಇಬ್ಬರೂ ಒಟ್ಟಿಗೆ ಹೇಳಿದರು, "ಜನ ಇಟ್ಟ ಡಿಪಾಸಿಟ್‌ನಿಂದ ಸರ್." ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ಮೊದಲ ಹತ್ತು ವರ್ಷ ನನ್ನ ಉತ್ತರವೂ ಅದೇ ಆಗಿತ್ತು. ಅದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಗೊತ್ತಾಗದಿದ್ದರೆ ನಮ್ಮ ಪೇಟೆಯಲ್ಲಿ ಒಂದು ವರ್ಷ ವ್ಯಾಪಾರ ಯಾಕೆ ಜೋರಾಗಿರುತ್ತದೆ, ಮರುವರ್ಷ ಅಂಗಡಿಯವರು ಯಾಕೆ ನೊಣ ಹೊಡೆಯುತ್ತಾ ಕೂತಿರುತ್ತಾರೆ ಅನ್ನುವುದು ಅರ್ಥವಾಗುವುದಿಲ್ಲ. ಇವತ್ತು ಆ ಉಳಿದ ಅರ್ಧದ ಬಗ್ಗೆ ಮಾತಾಡುತ್ತೇನೆ.

ತೊಂಬತ್ತರ ದಶಕದ ಒಂದು ಮಧ್ಯಾಹ್ನ. ದೊಡ್ಡಬಳ್ಳಾಪುರದಲ್ಲಿ ನಾನು ಸಾಲದ ವಿಭಾಗದ ಅಧಿಕಾರಿ. ಎರಡು ಪವರ್‌ಲೂಮ್ ಇಟ್ಟುಕೊಂಡಿದ್ದ ನೇಕಾರರೊಬ್ಬರಿಗೆ ಇನ್ನೆರಡು ಮಗ್ಗ ಬೇಕಿತ್ತು. ಅವರ ಮನೆಗೆ ಹೋಗಿ ನೋಡಿದ್ದೆ. ನಡುಮನೆಯೇ ಮಗ್ಗದ ಮನೆ. ಮಾತು ಕೇಳಿಸಬೇಕಾದರೆ ಮಗ್ಗ ನಿಲ್ಲಿಸಬೇಕು. ಅವರ ಹೆಂಡತಿ ಒಂದು ಕೈಯಲ್ಲಿ ನೂಲಿನ ಉಂಡೆ ಹಿಡಿದುಕೊಂಡೇ ತಿಂಗಳಿಗೆ ಎಷ್ಟು ಸೀರೆ ಇಳಿಯುತ್ತದೆ, ಸೇಟು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾನೆ, ಕರೆಂಟ್ ಬಿಲ್ಲು ಎಷ್ಟು ಅಂತ ಬಾಯಿಲೆಕ್ಕದಲ್ಲಿ ಹೇಳಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. 1 ಲಕ್ಷ ರೂಪಾಯಿ ಸಾಲ ಮಂಜೂರಾಯಿತು.

ಆ ಮಧ್ಯಾಹ್ನ ನಾನು ಎರಡು ವೋಚರ್ ಬರೆದೆ. ಒಂದು ಡೆಬಿಟ್: ಸಾಲದ ಲೆಡ್ಜರಿನಲ್ಲಿ ನೇಕಾರರ ಹೆಸರಿಗೆ 1 ಲಕ್ಷ. ಇನ್ನೊಂದು ಕ್ರೆಡಿಟ್: ಮಗ್ಗ ಮಾರುವವರ ಖಾತೆಗೆ 1 ಲಕ್ಷ. ಅವರ ಖಾತೆಯೂ ನಮ್ಮ ಶಾಖೆಯಲ್ಲೇ ಇತ್ತು. ಮ್ಯಾನೇಜರು ಎರಡಕ್ಕೂ ಸಹಿ ಹಾಕಿದರು. ಕೆಲಸ ಮುಗಿಯಿತು. ಕ್ಯಾಶಿಯರು ತಿಜೋರಿ ಮುಟ್ಟಲಿಲ್ಲ. ಯಾವ ಠೇವಣಿದಾರರ ಪಾಸ್‌ಬುಕ್ಕಿನಲ್ಲೂ ಒಂದು ಪೈಸೆ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಶಾಖೆಯ ಒಟ್ಟು ಠೇವಣಿ ಎಷ್ಟಿತ್ತೋ, ಸಂಜೆ ಅದಕ್ಕಿಂತ 1 ಲಕ್ಷ ಜಾಸ್ತಿ ಇತ್ತು. ಯಾರೂ ಹೊಸದಾಗಿ ಠೇವಣಿ ಇಟ್ಟಿರಲಿಲ್ಲ. ಸಾಲವೇ ಠೇವಣಿಯನ್ನು ಹುಟ್ಟಿಸಿತ್ತು.

ದಿನಾ ಮಾಡುತ್ತಿದ್ದ ಕೆಲಸವಾದರೂ ಅದರ ಅರ್ಥ ನನಗೆ ಹೊಳೆದದ್ದು ಅವತ್ತು ಸಂಜೆ, ದಿನದ ಲೆಕ್ಕ ತಾಳೆ ನೋಡುವಾಗ. ಆಮೇಲೆ ಎಷ್ಟೋ ವರ್ಷ ಕಳೆದು, 2014ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ತ್ರೈಮಾಸಿಕ ಪ್ರಕಟಣೆಯಲ್ಲಿ ಇದನ್ನೇ ಬಿಡಿಸಿ ಬರೆಯಿತು: ಇಂದಿನ ವ್ಯವಸ್ಥೆಯಲ್ಲಿ ಹೆಚ್ಚಿನ ಹಣ ಹುಟ್ಟುವುದು ವಾಣಿಜ್ಯ ಬ್ಯಾಂಕುಗಳು ಸಾಲ ಕೊಟ್ಟಾಗಲೇ. ನೋಟು ಅಚ್ಚು ಹಾಕುವುದು ರಿಸರ್ವ್ ಬ್ಯಾಂಕಿನ ಕೆಲಸ, ನಿಜ. ಆದರೆ ನಿಮ್ಮ ಮೊಬೈಲಿನಲ್ಲಿ ಯುಪಿಐ ತೆರೆದಾಗ ಕಾಣುವ ಮೊತ್ತ ನೋಟಲ್ಲ, ಬ್ಯಾಂಕು ನಿಮಗೆ ಕೊಡಬೇಕಾದ ಬಾಕಿ. ಅದರ ಬಹುಪಾಲು ಎಲ್ಲೋ ಯಾರಿಗೋ ಕೊಟ್ಟ ಸಾಲದಿಂದ ಹುಟ್ಟಿ, ಕೈಯಿಂದ ಕೈಗೆ ದಾಟಿ ನಿಮ್ಮ ಖಾತೆಗೆ ಬಂದದ್ದು.

ಇದರ ಇನ್ನೊಂದು ಮಗ್ಗುಲೂ ಇದೆ. ನೇಕಾರರು ಕಂತು ಕಟ್ಟಿದಾಗ ಅವರ ಖಾತೆಯಿಂದ ಹಣ ಕಳೆಯುತ್ತದೆ, ಸಾಲದ ಬಾಕಿಯೂ ಅಷ್ಟೇ ಇಳಿಯುತ್ತದೆ. ಅಸಲಿನ ಆ ಹಣ ಇನ್ನೊಬ್ಬರ ಖಾತೆಗೆ ಹೋಗಿ ಕೂರುವುದಿಲ್ಲ, ಲೆಕ್ಕದಿಂದಲೇ ಅಳಿದುಹೋಗುತ್ತದೆ.

ಹಾಗಾದರೆ ಠೇವಣಿ ಬೇಕೇ ಇಲ್ಲವೇ? ಬೇಕು. ಇಲ್ಲಿ ನಮ್ಮ ಕರಾವಳಿಯ ಒಂದು ಸಂಗತಿ ಹೇಳಬೇಕು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಆಗ ಕೈಮಗ್ಗದ ಕಸುಬು ಬಿದ್ದುಹೋಗಿ ಕಷ್ಟದಲ್ಲಿದ್ದ ನೇಕಾರರಿಗೆ ಆಸರೆಯಾಗಬೇಕು ಅನ್ನುವುದೇ ಅದರ ಮೂಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಕೊಟ್ಟರೂ ಬರೆದುಕೊಂಡು ಹೋಗುತ್ತಿದ್ದರು. ಖಾಸಗಿ ಬ್ಯಾಂಕೊಂದು ತನ್ನ ಊರಿನ ದುಡಿಮೆಗೆ ಹೇಗೆ ಜೊತೆ ನಿಲ್ಲಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಸಾಲವೇ ಠೇವಣಿ ಹುಟ್ಟಿಸುವುದಾದರೆ ಎರಡೆರಡಾಣೆ ಕೂಡಿಸುವ ಕಷ್ಟ ಯಾಕೆ? ಯಾಕೆಂದರೆ ಸಾಲ ಪಡೆದವರು ನೂಲಿನ ಅಂಗಡಿಗೆ ಚೆಕ್ಕು ಕೊಟ್ಟಾಗ, ಆ ಅಂಗಡಿಯವರ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಹಣ ಆ ಕಡೆ ಹೊರಟುಹೋಗುತ್ತದೆ. ಒಂದೊಂದೇ ಬ್ಯಾಂಕನ್ನು ನೋಡಿದರೆ ಆ ತೂತು ಮುಚ್ಚಿಕೊಳ್ಳಲು ಠೇವಣಿ ಬೇಕೇ ಬೇಕು. ಎಲ್ಲಾ ಬ್ಯಾಂಕುಗಳನ್ನೂ ಒಟ್ಟಿಗೆ ನೋಡಿದರೆ ಒಂದರಿಂದ ಹೋದದ್ದು ಇನ್ನೊಂದಕ್ಕೆ ಬಂದಿರುತ್ತದೆ. ಹುಡುಗರ ಉತ್ತರ ಅರ್ಧ ನಿಜ ಅಂದದ್ದು ಇದಕ್ಕೇ. ಇದರ ಜೊತೆಗೆ ಬ್ಯಾಂಕಿನ ಕೈ ಕಟ್ಟುವ ಸಂಗತಿಗಳು ಇನ್ನೂ ಇವೆ. ಬ್ಯಾಂಕಿನ ಸ್ವಂತ ಬಂಡವಾಳ ಇಷ್ಟಿರಲೇಬೇಕು ಅನ್ನುವ ನಿಯಮ, ರಿಸರ್ವ್ ಬ್ಯಾಂಕಿನ ಬಡ್ಡಿ ದರ, ಎಲ್ಲಕ್ಕಿಂತ ಹೆಚ್ಚಾಗಿ ಸಾಲ ಕೇಳಲು ಬರುವವರ ಧೈರ್ಯ. ವ್ಯಾಪಾರ ಕಾಣದ ವರ್ಷ ಬಡ್ಡಿ ಎಷ್ಟು ಇಳಿಸಿದರೂ ಯಾರೂ ಮೂರನೆಯ ಮಗ್ಗ ಹಾಕುವುದಿಲ್ಲ.

ಈಗ ಆ 1 ಲಕ್ಷದ ಬೆನ್ನು ಹತ್ತೋಣ. ಮಗ್ಗ ಮಾರಿದವರು ಅದರಲ್ಲಿ ಸ್ವಲ್ಪ ಕಬ್ಬಿಣದ ಅಂಗಡಿಗೆ, ಸ್ವಲ್ಪ ಫಿಟ್ಟರಿಗೆ ಕೊಟ್ಟರು. ಹೊಸ ಮಗ್ಗಕ್ಕೆ ಹಾಸು ಹೊಕ್ಕು ಎರಡಕ್ಕೂ ನೂಲು ಬೇಕಾಯಿತು, ಆಳು ಬೇಕಾಯಿತು. ಕೂಲಿ ಶನಿವಾರ ಬಟವಾಡೆಯಾದರೆ ಭಾನುವಾರದ ಸಂತೆಗೆ ಹೋಗುತ್ತದೆ. ತರಕಾರಿ ತಂದ ರೈತನ ಜೇಬಿಗೆ ಬೀಳುತ್ತದೆ. ಇದನ್ನೇ ಅರ್ಥಶಾಸ್ತ್ರದಲ್ಲಿ ಬೇಡಿಕೆ ಅನ್ನುತ್ತಾರೆ. ಯಾರೂ ತಮ್ಮ ಖರ್ಚು ಕಡಿಮೆ ಮಾಡದೆ ಊರಿನಲ್ಲಿ ಒಟ್ಟು ಖರ್ಚು ಹೆಚ್ಚಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ವಿಷಯ, ಆರು ತಿಂಗಳಲ್ಲಿ ಊರಿನಲ್ಲಿ ಸೀರೆಯೂ ಹೆಚ್ಚಾಯಿತು. ಹಣ ಹೆಚ್ಚಾದ ಹಿಂದೆಯೇ ಸರಕೂ ಹೆಚ್ಚಾದ್ದರಿಂದ ಬೆಲೆ ಏರಲಿಲ್ಲ, ಕಂತು ಕಟ್ಟಲು ಆದಾಯವೂ ಹುಟ್ಟಿತು. ಈ ಸಾಲ ತನ್ನನ್ನು ತಾನೇ ತೀರಿಸಿಕೊಂಡಿತು.

ಅದೇ 1 ಲಕ್ಷವನ್ನು ಇನ್ನೊಬ್ಬರಿಗೆ ಸೈಟು ಕೊಳ್ಳಲು ಕೊಟ್ಟಿದ್ದರೆ? ವೋಚರ್ ಎರಡೇ, ಸಹಿ ಅದೇ, ಹುಟ್ಟುವ ಹಣವೂ ಅಷ್ಟೇ. ಆದರೆ ಸೈಟು ಮೊದಲೂ ಅಲ್ಲೇ ಇತ್ತು, ಆಮೇಲೂ ಅಲ್ಲೇ ಇರುತ್ತದೆ. ಮಾಲೀಕರ ಹೆಸರು ಬದಲಾಯಿತು. ಸೈಟುಗಳು ಹೆಚ್ಚದೆ ಸೈಟಿಗೆ ಬರುವ ಹಣ ಮಾತ್ರ ಹೆಚ್ಚಿದರೆ ಬೆಲೆ ಏರುತ್ತದೆ. ಬೆಲೆ ಏರಿದ್ದಕ್ಕೆ ಅಡಮಾನದ ಮೌಲ್ಯ ಏರಿ ಬ್ಯಾಂಕು ಇನ್ನೂ ದೊಡ್ಡ ಸಾಲ ಕೊಡುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತಲ್ಲ, ಆ ಕಡೆಯ ಬಡಾವಣೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈಟು ಮಾರಿದವರು ಆ ಹಣದಲ್ಲಿ ಮನೆ ಕಟ್ಟಿದರೆ ಗಾರೆಯವರಿಗೆ ಕೆಲಸ ಸಿಗುತ್ತದೆ, ಒಪ್ಪುತ್ತೇನೆ. ಇನ್ನೊಂದು ಸೈಟು ಕೊಂಡರೆ ಹಣ ಭೂಮಿಯ ಸುತ್ತಲೇ ತಿರುಗುತ್ತದೆ.

ಮೂರನೆಯ ಬಗೆ ನಿಮಗೆ ದಿನಾ ಎದುರಾಗುವುದು. 30,000 ರೂಪಾಯಿಯ ಟಿವಿ, ಬಡ್ಡಿಯನ್ನು ಬಿಟ್ಟೇ ಲೆಕ್ಕ ಹಾಕಿದರೂ ತಿಂಗಳಿಗೆ 2,500ರಂತೆ ಹನ್ನೆರಡು ಕಂತು. ಅಂಗಡಿಯವರಿಗೆ ದೀಪಾವಳಿಯ ವ್ಯಾಪಾರವಾಯಿತು. ಮುಂದಿನ ಹನ್ನೆರಡು ತಿಂಗಳು ಆ ಮನೆಯವರು ಬೇರೆ ಕಡೆ 2,500 ಕಡಿಮೆ ಖರ್ಚು ಮಾಡಬೇಕು. ನಾಳೆಯ ಬೇಡಿಕೆಯನ್ನು ಇವತ್ತಿಗೆ ತಂದುಕೊಂಡಂತಾಯಿತು. ಸಂಬಳ ಏರುತ್ತಿದ್ದರೆ ಇದು ಭಾರವಲ್ಲ. ಏರದಿದ್ದರೆ ಹಳೆಯ ಕಂತು ಕಟ್ಟಲು ಹೊಸ ಸಾಲ ಬೇಕಾಗುತ್ತದೆ.

ವಿದ್ಯಾರ್ಥಿಗಳು ದಯವಿಟ್ಟು ಈಗ ಪೆನ್ನು ಹಿಡಿಯಿರಿ. ಒಂದು ಊರಿಗೆ, ವಾಪಸ್ ಬಂದ ಅಸಲು ಕಳೆದು, ಮೊದಲ ವರ್ಷ 10 ಕೋಟಿ ಹೊಸ ಸಾಲ ಬಂತು ಅನ್ನೋಣ. ಎರಡನೆಯ ವರ್ಷ 12 ಕೋಟಿ, ಮೂರನೆಯ ವರ್ಷ ಮತ್ತೆ 12, ನಾಲ್ಕನೆಯ ವರ್ಷ 9. ಒಟ್ಟು ಸಾಲ ಪ್ರತಿ ವರ್ಷವೂ ಏರುತ್ತಲೇ ಇದೆ. ಬ್ಯಾಂಕಿನವರು ನಾಲ್ಕನೆಯ ವರ್ಷವೂ "ಸಾಲ 9 ಕೋಟಿ ಬೆಳೆದಿದೆ" ಎಂದು ವರದಿ ಕೊಡುತ್ತಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ ಸಾಲದ ಬಲದಿಂದ ಪೇಟೆಗೆ ಬಂದ ಖರ್ಚನ್ನು ನೋಡಿ. ಎರಡನೆಯ ವರ್ಷ ಹಿಂದಿನ ವರ್ಷಕ್ಕಿಂತ 2 ಕೋಟಿ ಜಾಸ್ತಿ, ಮೂರನೆಯ ವರ್ಷ ಏರಿಕೆ ಸೊನ್ನೆ, ನಾಲ್ಕನೆಯ ವರ್ಷ 3 ಕೋಟಿ ಖೋತಾ. ಖರ್ಚನ್ನು ಎತ್ತಿ ನಿಲ್ಲಿಸುವುದು ಆ ವರ್ಷ ಬಂದ ಹೊಸ ಸಾಲ. ಖರ್ಚು ಬೆಳೆಯಬೇಕಾದರೆ ಆ ಹೊಸ ಸಾಲವೂ ವರ್ಷದಿಂದ ವರ್ಷಕ್ಕೆ ಬೆಳೆಯಬೇಕು. ಅದು ನಿಂತ ಜಾಗದಲ್ಲೇ ನಿಂತರೂ ಸಾಕು, ಪೇಟೆ ತಣ್ಣಗಾಗುತ್ತದೆ. ಪತ್ರಿಕೆಯಲ್ಲಿ "ಸಾಲ ಹೆಚ್ಚಳ" ಅನ್ನುವ ಶೀರ್ಷಿಕೆ ನೋಡಿದಾಗ, ಹಿಂದಿನ ವರ್ಷ ಎಷ್ಟು ಹೆಚ್ಚಿತ್ತು ಎಂದು ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ಇದು ಬರೀ ಹಲಗೆಯ ಮೇಲಿನ ಲೆಕ್ಕವಲ್ಲ. 2004ರಿಂದ ಕೆಲವು ವರ್ಷ ನಮ್ಮ ದೇಶದಲ್ಲಿ ಬ್ಯಾಂಕ್ ಸಾಲ ವರ್ಷಕ್ಕೆ ಶೇ 30ರ ಆಸುಪಾಸಿನಲ್ಲಿ ಬೆಳೆಯಿತು. ವಿದ್ಯುತ್ ಸ್ಥಾವರ, ರಸ್ತೆ, ಉಕ್ಕು, ಎಲ್ಲದಕ್ಕೂ ಸಾಲ. ಸಿಮೆಂಟು ಹೊತ್ತ ಲಾರಿ, ಅದಿರು ಹೊತ್ತ ಲಾರಿ, ಆ ಲಾರಿ ಕೊಳ್ಳಲೂ ಸಾಲ. ಹೊಸಪೇಟೆ, ಸಂಡೂರು ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ನೆನಪಿರುತ್ತದೆ, ಒಬ್ಬರ ಹಿಂದೊಬ್ಬರು ಟಿಪ್ಪರ್ ಕೊಂಡ ಕಾಲ ಅದು. ಅಕ್ರಮ ಗಣಿಗಾರಿಕೆಯ ಕಾರಣಕ್ಕೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲೂ ನಿಂತಿತು. ನೆಲವನ್ನು ಉಳಿಸಲು ಅದು ಬೇಕಿತ್ತು. ಆದರೆ ಸಾಲದ ಲಾರಿಗಳು ನಿಂತಲ್ಲೇ ನಿಂತವು. ಲಾರಿ ನಿಂತರೆ ಡ್ರೈವರ್, ಕ್ಲೀನರ್, ಟೈರಿನ ಅಂಗಡಿ, ಹೆದ್ದಾರಿ ಬದಿಯ ಊಟದ ಮನೆ, ಒಂದಾದ ಮೇಲೊಂದು ಮಂಕಾಗುತ್ತವೆ. ಕಂತು ಮಾತ್ರ ನಿಲ್ಲುವುದಿಲ್ಲ.

ದೇಶದ ಮಟ್ಟದಲ್ಲೂ ಇದೇ ಆಯಿತು. 2014ರ ಸೆಪ್ಟೆಂಬರಿನಲ್ಲಿ ಇನ್ನೂರಕ್ಕೂ ಹೆಚ್ಚು ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದಾಯಿತು. ಅದನ್ನು ನಂಬಿ ಸಾಲ ಎತ್ತಿದ್ದ ಸ್ಥಾವರಗಳ ಲೆಕ್ಕ ತಲೆಕೆಳಗಾಯಿತು. 2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳ ಪುಸ್ತಕ ತೆರೆಸಿ ಸಾಲದ ಗುಣಮಟ್ಟ ತಪಾಸಣೆ ಮಾಡಿಸಿತು. ಹೊಸ ಸಾಲ ಕೊಟ್ಟು ಹಳೆಯದನ್ನು ಮುಚ್ಚಿಟ್ಟದ್ದೆಲ್ಲ ಬೆಳಕಿಗೆ ಬಂತು. 2018ರ ಮಾರ್ಚ್ ಹೊತ್ತಿಗೆ ಕೊಟ್ಟ ನೂರು ರೂಪಾಯಿಯಲ್ಲಿ 11 ರೂಪಾಯಿಗೂ ಹೆಚ್ಚು ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಸರ್ಕಾರಿ ಬ್ಯಾಂಕುಗಳಲ್ಲಿ ಹನ್ನೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಅದರಲ್ಲಿ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಒಂದು. ಮಧ್ಯದಲ್ಲಿ, ನೋಟು ರದ್ದಾದ 2016-17ರಲ್ಲಿ, ಸಾಲದ ಬೆಳವಣಿಗೆ ಶೇ 5ರ ಹತ್ತಿರಕ್ಕೆ ಕುಸಿಯಿತು. ಉದ್ಯಮಗಳಿಗೆ ಕೊಟ್ಟ ಒಟ್ಟು ಸಾಲವಂತೂ ಆ ವರ್ಷ ಇಳಿದೇ ಹೋಯಿತು. ದೊಡ್ಡವರ ಸಾಲ ಮುಳುಗಿದ್ದಕ್ಕೆ ಸಣ್ಣ ಕಾರ್ಖಾನೆಯವರು ಬಾಗಿಲಲ್ಲಿ ಕಾಯಬೇಕಾಯಿತು. ಕಂತು ಒಂದು ದಿನವೂ ತಪ್ಪಿಸದವರಿಗೆ "ಮೇಲಿನಿಂದ ಈಗ ಮಂಜೂರಾತಿ ಇಲ್ಲ" ಎಂದು ನಾನೇ ಹೇಳಿ ಕಳಿಸಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಖಾಲಿಯಾದ ಆ ಜಾಗಕ್ಕೆ ಬಂದವು ಖಾಸಗಿ ಬ್ಯಾಂಕುಗಳು. ದೊಡ್ಡ ಉದ್ಯಮದಲ್ಲಿ ಕೈ ಸುಟ್ಟುಕೊಂಡದ್ದನ್ನು ಕಂಡಿದ್ದ ಅವು ಮನೆಮಂದಿಯ ಕಡೆ ತಿರುಗಿದವು: ಗೃಹಸಾಲ, ಕಾರಿನ ಸಾಲ, ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್. ನಂತರ ಸರ್ಕಾರಿ ಬ್ಯಾಂಕುಗಳೂ ಅದೇ ದಾರಿ ಹಿಡಿದವು. 2014ರಲ್ಲಿ ಬ್ಯಾಂಕುಗಳು ಕೊಟ್ಟ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸುಮಾರು 45 ಉದ್ಯಮಕ್ಕೆ, 18 ವೈಯಕ್ತಿಕ ಸಾಲಕ್ಕೆ ಹೋಗಿತ್ತು. 2024ರ ಹೊತ್ತಿಗೆ ಉದ್ಯಮಕ್ಕೆ ಸುಮಾರು 22, ವೈಯಕ್ತಿಕಕ್ಕೆ 32. ಹತ್ತೇ ವರ್ಷದಲ್ಲಿ ತಕ್ಕಡಿ ಹೀಗೆ ವಾಲಿದ್ದು ನಮ್ಮ ಕಾಲದ ದೊಡ್ಡ ಬದಲಾವಣೆ. ಇದರ ಬಗ್ಗೆ ನಾವು ಮಾತಾಡುವುದು ಏನೇನೂ ಸಾಲದು.

ಉದ್ಯಮದವರು ತಾವಾಗಿಯೇ ಸಾಲ ಕಡಿಮೆ ಮಾಡಿಕೊಂಡರು, ಷೇರು, ಬಾಂಡುಗಳಿಂದ ಹಣ ಎತ್ತಿದರು ಅನ್ನುವುದೂ ಇದರಲ್ಲಿ ಸೇರಿದೆ. ಕೊಳ್ಳುವವರ ಕೈಯಲ್ಲಿ ಹಣವಿದ್ದರೆ ಕಾರ್ಖಾನೆ ತಾನಾಗಿ ಬೆಳೆಯುತ್ತದೆ ಎಂದು ವಾದಿಸುವವರಿದ್ದಾರೆ. ಸ್ವಲ್ಪ ಕಾಲ ಅದು ನಿಜ. ಆದರೆ ಆ ಕೊಳ್ಳುವ ಶಕ್ತಿ ಸಂಬಳದಿಂದ ಬರದೆ ಸಾಲದಿಂದ ಬಂದಿದ್ದರೆ ಕಂತಿನ ದಿನ ಬಂದೇ ಬರುತ್ತದೆ. 2022-23ರಲ್ಲಿ ನಮ್ಮ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ, ಅಂದರೆ ಉಳಿಸಿದ್ದರಲ್ಲಿ ಹೊಸದಾಗಿ ಎತ್ತಿದ ಸಾಲ ಕಳೆದು ಉಳಿದದ್ದು, ಜಿಡಿಪಿಯ ಶೇ 5ರ ಆಸುಪಾಸಿಗೆ ಇಳಿಯಿತು, ಹಲವು ದಶಕಗಳಲ್ಲೇ ಕಡಿಮೆ. ಉಳಿಸುವುದನ್ನು ಜನ ಪೂರ್ತಿ ಬಿಟ್ಟರು ಎಂದು ಇದರ ಅರ್ಥವಲ್ಲ. ಒಂದು ಕೈಯಲ್ಲಿ ಉಳಿಸುತ್ತಾ ಇನ್ನೊಂದು ಕೈಯಲ್ಲಿ ಸಾಲ ಎತ್ತಿದರು.

ರಿಸರ್ವ್ ಬ್ಯಾಂಕಿಗೂ ಆತಂಕವಾಯಿತು. 2023ರ ನವೆಂಬರ್ 16ರಂದು ಅದು ಅಡಮಾನವಿಲ್ಲದ ಪರ್ಸನಲ್ ಲೋನ್‌ಗಳ ಅಪಾಯದ ತೂಕವನ್ನು ಶೇ 100ರಿಂದ 125ಕ್ಕೆ ಏರಿಸಿತು. ಈ "ತೂಕ" ಅಂದರೇನು ಎಂದು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಯಾವ ಸಾಲ ಸಲೀಸು, ಯಾವುದು ಕಷ್ಟ ಅನ್ನುವುದರ ಗುಟ್ಟು ಬಹುಮಟ್ಟಿಗೆ ಇದರಲ್ಲಿದೆ. ಬ್ಯಾಂಕು ಕೊಟ್ಟ ಸಾಲಕ್ಕೆ ತಕ್ಕಂತೆ ಕನಿಷ್ಠ ಶೇ 9ರಷ್ಟು ಸ್ವಂತ ಬಂಡವಾಳ ಇಡಬೇಕು. ಆದರೆ ಎಲ್ಲಾ ಸಾಲಕ್ಕೂ ಒಂದೇ ಅಳತೆಯಲ್ಲ. ತೂಕ 100 ಇದ್ದರೆ ನೂರು ರೂಪಾಯಿ ಸಾಲಕ್ಕೆ 9 ರೂಪಾಯಿ, 125 ಇದ್ದರೆ 11 ರೂಪಾಯಿ 25 ಪೈಸೆ ಇಡಬೇಕು. ಸಣ್ಣ ವ್ಯಾಪಾರಿಯ ಸಾಲಕ್ಕೆ ತೂಕ 75, ಅಂದರೆ 6 ರೂಪಾಯಿ 75 ಪೈಸೆ. ಮನೆಯ ಬೆಲೆಯ ಶೇ 80ರೊಳಗಿನ, 75 ಲಕ್ಷದವರೆಗಿನ ಗೃಹಸಾಲಕ್ಕೆ ತೂಕ 35, ಅಂದರೆ ಬರೀ 3 ರೂಪಾಯಿ 15 ಪೈಸೆ. ಅದೇ ಬಂಡವಾಳದಲ್ಲಿ ಮಗ್ಗಕ್ಕೆ ಒಂದು ರೂಪಾಯಿ ಕೊಡುವ ಬದಲು ಮನೆಗೆ ಎರಡು ರೂಪಾಯಿಗೂ ಹೆಚ್ಚು ಕೊಡಬಹುದು. ಲಾಭ ನೋಡಬೇಕಾದ ಖಾಸಗಿ ಬ್ಯಾಂಕು ಯಾವ ಕಡೆ ವಾಲುತ್ತದೆ? ಅದನ್ನು ದುರಾಸೆ ಎಂದು ನಾನು ಬೈಯುವುದಿಲ್ಲ. ಬ್ಯಾಂಕು ಮುಳುಗಬಾರದು ಎಂದು ಮಾಡಿದ ನಿಯಮ ಇದು, ಆ ಕೆಲಸಕ್ಕೆ ಒಳ್ಳೆಯದೇ. ಆದರೆ ಊರಿನಲ್ಲಿ ಉದ್ಯೋಗ ಹುಟ್ಟಬೇಕು ಅನ್ನುವುದನ್ನು ಈ ತಕ್ಕಡಿ ತೂಗುವುದೇ ಇಲ್ಲ. ಒಟ್ಟು ಸಾಲದಲ್ಲಿ ಶೇ 40 ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಹೋಗಬೇಕು ಅನ್ನುವ ನಿಯಮ ಖಾಸಗಿ ಬ್ಯಾಂಕುಗಳಿಗೂ ಇದೆ. ಅದು ಇಲ್ಲದಿದ್ದರೆ ವಾಲುವುದು ಇನ್ನೂ ಹೆಚ್ಚಾಗುತ್ತಿತ್ತು.

ಬ್ಯಾಂಕಿನ ಸಾಲ ಸಿಗದ ಕಡೆ ಏನಾಗುತ್ತದೆ ಅನ್ನುವುದನ್ನು ನಮ್ಮ ರಾಜ್ಯ ಈಚೆಗೆ ನೋಡಿದೆ. 2025ರ ಮೊದಲ ತಿಂಗಳುಗಳಲ್ಲಿ ಮೈಕ್ರೋಫೈನಾನ್ಸ್ ಮತ್ತು ಕೈಸಾಲದವರ ಕಾಟಕ್ಕೆ ಮನೆ ಬಿಟ್ಟುಹೋದ ಕುಟುಂಬಗಳ ಸುದ್ದಿ ಜಿಲ್ಲೆ ಜಿಲ್ಲೆಯಿಂದ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಒಂದೇ ಮನೆಯವರಿಗೆ ನಾಲ್ಕೈದು ಕಡೆಯಿಂದ ಸಾಲ, ಒಂದರ ವಾರದ ಕಂತಿಗೆ ಇನ್ನೊಂದು. ಈ ಸಾಲಗಳೂ ಕೊಟ್ಟ ವರ್ಷ ಬೇಡಿಕೆ ಹೆಚ್ಚಿಸಿದ್ದವು. ಕಿರಾಣಿ ಅಂಗಡಿಗೆ, ಆಸ್ಪತ್ರೆಗೆ, ಮದುವೆಗೆ ಹಣ ಹರಿದಿತ್ತು. ಆದಾಯ ಹುಟ್ಟಿಸುವ ಒಂದು ಹಸು, ಒಂದು ಹೊಲಿಗೆ ಯಂತ್ರ ಅದರ ಹಿಂದೆ ಇಲ್ಲದ ಕಡೆ ಮಾತ್ರ ಅದು ಕೊರಳಿಗೆ ಬಿಗಿಯಿತು.

ಇಷ್ಟು ಹೇಳಿ ಮುಗಿಸಿದ್ದೆ. ಆಗ ಹಿಂದಿನ ಸಾಲಿನಿಂದ ಒಬ್ಬಳು ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ನಮ್ಮ ಚಿಕ್ಕಪ್ಪನಿಗೆ ಕಾರಿನ ಸಾಲ ಮೊಬೈಲಿನಲ್ಲೇ ಒಂದು ದಿನಕ್ಕೆ ಬಂತು. ನಮ್ಮಪ್ಪನಿಗೆ ಮಗ್ಗದ ಸಾಲಕ್ಕೆ ನಾಲ್ಕು ತಿಂಗಳಿಂದ ಅಲೆಸುತ್ತಿದ್ದಾರೆ. ಕೊನೆಗೆ ಮನೆ ಪತ್ರ ಅಡ ಇಡಿ ಅಂದರು. ಯಾಕೆ?"

ನಾನು ಹೇಳಿದ್ದು ಇಷ್ಟು. ನಿನ್ನ ಚಿಕ್ಕಪ್ಪನ ಸಂಬಳ ಪ್ರತಿ ತಿಂಗಳೂ ಖಾತೆಗೆ ಬೀಳುತ್ತದಮ್ಮಾ, ಹಿಂದಿನ ಸಾಲ ಹೇಗೆ ಕಟ್ಟಿದ್ದಾರೆ ಎಂದು ಹೇಳುವ ಸ್ಕೋರು ಕಂಪ್ಯೂಟರಿನಲ್ಲೇ ಕಾಣುತ್ತದೆ, ಕಂತು ತಪ್ಪಿದರೆ ಕಾರನ್ನು ಎಳೆದುಕೊಂಡು ಹೋಗಬಹುದು. ನಿಮ್ಮಪ್ಪನ ಆದಾಯ ನೋಡಬೇಕಾದರೆ ಯಾರಾದರೂ ಎದ್ದು ಮಗ್ಗದ ಮನೆಗೆ ಬರಬೇಕು. ನಮ್ಮ ಕಾಲದಲ್ಲಿ ಶಾಖೆಯವರು ಬರುತ್ತಿದ್ದೆವು. ಈಗ ಅರ್ಜಿ ನಗರದಲ್ಲಿರುವ ಸಾಲದ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿರುವವರು ಮಗ್ಗದ ಸದ್ದು ಕೇಳಿರುವುದಿಲ್ಲ. ಆದರೆ ಮನೆ ಪತ್ರ ಕೇಳಿದ್ದು ತಪ್ಪು. ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಕೊಡುವ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಬ್ಯಾಂಕಿಗೆ ಭಯವಿದ್ದರೆ ಅದಕ್ಕೆಂದೇ 2000ದಲ್ಲಿ ಶುರುವಾದ ಸರ್ಕಾರದ ಸಾಲ ಖಾತರಿ ಯೋಜನೆ ಇದೆ, ಜಾಮೀನು ಅಲ್ಲಿಂದ ಸಿಗುತ್ತದೆ. ಸಣ್ಣ ಉದ್ಯಮಗಳಿಗೆಂದೇ ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ. ಅರ್ಜಿಯನ್ನು ಬರಹದಲ್ಲೇ ಕೊಡಿ. ಕೊಡುವುದಿಲ್ಲ ಅಂದರೆ ಕಾರಣವನ್ನೂ ಬರಹದಲ್ಲೇ ಕೇಳಿ.

ಸಭೆ ಮುಗಿದ ಮೇಲೆ ಅವಳು ತಂದೆಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಅವರು ಸ್ಕೂಟರಿನಲ್ಲಿ ಬಂದರು, ಕೈಚೀಲದಲ್ಲಿ ನೂಲಿನ ಬಿಲ್ಲು, ಕರೆಂಟ್ ಬಿಲ್ಲು, ಸೇಟು ಬರೆದುಕೊಟ್ಟ ಚೀಟಿಗಳು. ಖಾಲಿ ತರಗತಿಯ ಬೆಂಚಿನ ಮೇಲೆ ಎಲ್ಲವನ್ನೂ ಹರಡಿ, ತಿಂಗಳಿಗೆ ಎಷ್ಟು ಸೀರೆ ಇಳಿಯುತ್ತದೆ ಅನ್ನುವುದರಿಂದ ಲೆಕ್ಕ ಶುರು ಮಾಡಿದೆವು. ಮಗಳು ಬರೆದುಕೊಂಡಳು.